ಹಗ್ಗದ ತುದಿಯ ಮಸಿ

ಶ್ಟೆಫಾನ್ ಬೆಲಾಕನಿಗೆ ಹಗ್ಗ ಹತ್ತಲು ಕಲಿಸಿದ್ದು ಅವನಪ್ಪ ಮಿಖಲನ ಬೆತ್ತ. ಪೆನ್ಸಿಲ್ವೇನಿಯಾದ ಆ ಉಕ್ಕಿನ ಊರಿನಲ್ಲಿ ಸ್ಲೊವಾಕರದೇ ಒಂದು ವ್ಯಾಯಾಮಶಾಲೆಯಿತ್ತು. ಕುಲುಮೆಯ ಪಾಳಿ ಮುಗಿಸಿ ಬಂದ ಮಿಖಲ ಮಗನನ್ನು ಹಗ್ಗದ ಬುಡದಲ್ಲಿ ಕೂರಿಸುತ್ತಿದ್ದ. ಬರೀ ಕೈಯಲ್ಲೇ ಹತ್ತಬೇಕು. ಕಾಲು ಹಗ್ಗಕ್ಕೆ ತಾಗಿತೋ, ಮೀನಖಂಡದ ಮೇಲೆ ಬರೆ ಏಳುತ್ತಿತ್ತು.

"ಕಾಲಿರೋದು ಕೆಲಸಕ್ಕೆ ನಡ್ಕೊಂಡು ಹೋಗಕ್ಕೆ ಕಣೋ, ಕಳ್ಳಾಟ ಆಡಕ್ಕಲ್ಲ!"

ಇದನ್ನೂ ಪ್ರೀತಿ ಎನ್ನುವವರಿದ್ದಾರೆ. ಅಂಥ ಪ್ರೀತಿ ಶತ್ರುವಿಗೂ ಬೇಡ. ಆದರೆ ಹುಡುಗನನ್ನು ಕಾಲೇಜಿನ ಬಾಗಿಲವರೆಗೆ ಮುಟ್ಟಿಸಿದ್ದು ಆ ಹಗ್ಗವೇ ಎಂಬುದೂ ಸುಳ್ಳಲ್ಲ.

ಐವತ್ತರ ದಶಕದ ಮಾತು. ಗಂಡುಹುಡುಗರ ಕಾಲೇಜು ಜಿಮ್ನಾಸ್ಟಿಕ್ಸ್ ತಂಡಗಳ ಚಾಂಪಿಯನ್‌ಷಿಪ್ಪಿನಲ್ಲಿ ಆಗಿನ್ನೂ ಕಂಬಿ, ರಿಂಗುಗಳ ಜೊತೆ ಹಗ್ಗವೂ ಇತ್ತು. ಇಪ್ಪತ್ತು ಅಡಿ ಮೇಲೆ ದೀಪದ ಮಸಿ ಬಳಿದ ತಟ್ಟೆ. ಅದನ್ನು ಬಡಿದು ಕೆಳಗೆ ಬಂದು ತೀರ್ಪುಗಾರನಿಗೆ ಬೆರಳು ತೋರಿಸಬೇಕು. ಮಸಿ ಇಲ್ಲದಿದ್ದರೆ ಹತ್ತಿದ್ದೇ ಲೆಕ್ಕಕ್ಕಿಲ್ಲ. ಕಣ್ಣು ಮಿಟುಕಿಸುವುದರಲ್ಲಿ ಮುಗಿಯುವ ಆಟ. ಅಷ್ಟರಲ್ಲೇ ಅಂಗೈಯ ಚರ್ಮ ಸುಲಿಯುತ್ತಿತ್ತು, ಮೇಲಿಂದ ಕೈಬಿಟ್ಟವರ ಪಾದದ ಮೂಳೆ ಪುಡಿಯಾಗುತ್ತಿತ್ತು.

ಆ ವರ್ಷದ ಫೈನಲ್ಲಿನಲ್ಲಿ ಹಗ್ಗವೇ ಕೊನೆಯ ಸ್ಪರ್ಧೆ, ಶ್ಟೆಫಾನನೇ ಕೊನೆಯವನು. ಅವನ ಅಂಕ ಕೂಡಿದರೆ ಪಟ್ಟ ಅವರ ತಂಡಕ್ಕೆ. ಗೆದ್ದರೆ ಅವನ ಓದು ಕಾಲೇಜಿನ ಖರ್ಚಿನಲ್ಲೇ ಮುಂದುವರಿಯುತ್ತದೆ, ಸೋತರೆ ಕುಲುಮೆಯೇ ಗತಿ ಎಂದು ಕೋಚ್ ಮೊದಲೇ ಹೇಳಿಬಿಟ್ಟಿದ್ದ. ಕುಲುಮೆಯ ಗೆಳೆಯರನ್ನು ಕಟ್ಟಿಕೊಂಡು ಬಂದ ಮಿಖಲ ಮೇಲಿನ ಸಾಲಿನಲ್ಲಿ ಕೂತಿದ್ದ.

ಶ್ಟೆಫಾನ್ ಹತ್ತಿದ. ತುದಿಯಲ್ಲಿ ಕೈ ಬೀಸಿದ. ಬೆರಳಿಗೆ ಸಿಕ್ಕಿದ್ದು ಬರೀ ಗಾಳಿ. ಮುಟ್ಟಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಗೊತ್ತಾಗುತ್ತಲೇ ಹಿಡಿತ ತಪ್ಪಿ ಬಿದ್ದ. ಮಂಡಿ ಗದ್ದಕ್ಕೆ ಬಡಿದು ಹಲ್ಲುಗಳ ನಡುವೆ ನಾಲಿಗೆ ಸೀಳಿತು. ಅವನಿಗಿಂತ ಮುಂಚೆ ಹತ್ತಿಳಿದಿದ್ದ ನಾಯಕ ವಾರೆನ್ ಓಡಿ ಬಂದು, ಅವನ ಕೈಯನ್ನು ತನ್ನ ಮಸಿಗೈಯಲ್ಲಿ ಬಿಗಿಯಾಗಿ ತಿಕ್ಕಿ ಹಿಡಿದು ಮೇಲೆತ್ತಿದ.

ತೀರ್ಪುಗಾರ ಬಂದು ಬೆರಳು ನೋಡಿದ. ಕಪ್ಪಗಿದ್ದವು. ಹತ್ತಲು ಹಿಡಿದ ಸಮಯ ಕೂಗಿದ. ಪಟ್ಟಕ್ಕೆ ಅಷ್ಟು ಸಾಕಿತ್ತು. ಸಭಾಂಗಣದ ಸೂರು ಹಾರಿಹೋಗುವಂಥ ಕೇಕೆ ಎದ್ದಿತು.

ಶ್ಟೆಫಾನ್ ಬಾಯಿ ತೆರೆದ. ಮಾತಿನ ಬದಲು ರಕ್ತ ಬಂತು.

"ಸುಮ್ನಿರು ಮಾರಾಯ, ನಾಲಿಗೆ ಹರಿದಿದೆ," ಎಂದು ವಾರೆನ್ ಅವನ ಬಾಯಿಗೆ ಟವೆಲ್ ತುರುಕಿದ. ಎಲ್ಲರೂ ಸೇರಿ ಅವನನ್ನು ಹೆಗಲ ಮೇಲೆ ಹೊತ್ತು ಬಟ್ಟೆ ಬದಲಿಸುವ ಕೋಣೆಗೆ ತಂದರು.

ಅಲ್ಲಿ ಅವನು ಟವೆಲನ್ನು ಕಿತ್ತೆಸೆದ. "ನಾನು ಮುಟ್ಟಿಲ್ಲ. ಇದು ನಿನ್ನ ಕೈಯ ಮಸಿ."

"ಗೊತ್ತು," ಎಂದು ವಾರೆನ್ ನಕ್ಕ. "ಪಟ್ಟ ಬಂದಿರೋದು ತಂಡಕ್ಕೆ. ನನ್ನ ಕೈಯಾದ್ರೇನು, ನಿನ್ನ ಕೈಯಾದ್ರೇನು?"

"ಹೋಗಿ ಹೇಳ್ತೀನಿ."

"ಹೇಳಪ್ಪ ಧರ್ಮರಾಯ! ಹೇಳಿ ನಾಳೆಯಿಂದ ನಿಮ್ಮಪ್ಪನ ಜೊತೆ ಕಲ್ಲಿದ್ದಲು ತಳ್ಳು."

ಶ್ಟೆಫಾನನ ಮುಷ್ಟಿ ವಾರೆನನ ಮೂಗು ಮುರಿಯಿತು. ಆಮೇಲೆ ಇಡೀ ತಂಡ ಮೇಲೆರಗಿತು. ಇಬ್ಬರು ತೋಳು ಹಿಡಿದರು, ಒಬ್ಬ ಪಕ್ಕೆಗೆ ಒದ್ದ. ಮೂಗಿನಿಂದ ರಕ್ತ ಸುರಿಸುತ್ತಲೇ ವಾರೆನ್ ಅವನ ಬಲಗೈಯನ್ನು ಕಬ್ಬಿಣದ ಬೀರುವಿನ ಸಂದಿಗೆ ತಳ್ಳಿ ಬಾಗಿಲನ್ನು ಒದ್ದ. ಎರಡು ಬೆರಳು ಮುರಿದವು.

ಕೋಣೆಯ ಬಾಗಿಲು ತೆರೆದು ಮಿಖಲ ಒಳಗೆ ಬಂದ. ಹುಡುಗರು ಹಿಂದೆ ಸರಿದರು. ಹೊಡೆದವರು ಯಾರೆಂದು ಅವನು ಕೇಳಲೇ ಇಲ್ಲ. ಮಸಿಯ ಜಗಳ ಆಚೆಯಿಂದಲೇ ಅವನ ಕಿವಿಗೆ ಬಿದ್ದಿತ್ತು.

"ಮುಟ್ಟಿದ್ಯೇನೋ?"

"ಇಲ್ಲಪ್ಪ."

ಮಿಖಲ ಹಿಂದಿರುಗಿ ಬಾಗಿಲು ಹಾಕಿದ. ಜನ್ಮದಲ್ಲಿ ಮೊದಲ ಸಲ ಅವನ ದನಿ ಇಳಿದಿತ್ತು. "ಮುಟ್ಟಿದೆ ಅನ್ನು. ಆಚೆ ನಮ್ಮೋರೆಲ್ಲ ಕುಣೀತಿದಾರೆ. ಒಂದ್ಸಲ ಅಂದ್ಬಿಡು ಮಗಾ."

ಒದೆಗಿಂತ ಈ ಮಾತು ಹೆಚ್ಚು ನೋಯಿಸಿತು. ಕಾಲ ಹೆಬ್ಬೆರಳು ಹಗ್ಗಕ್ಕೆ ತಾಗಿದ್ದಕ್ಕೆ ಬರೆ ಎಳೆದ ಮನುಷ್ಯನೇ ಇವನು? ಶ್ಟೆಫಾನ್ ಅಪ್ಪನ ಎದೆಗೆ ಕೈಹಾಕಿ ಗೋಡೆಗೆ ತಳ್ಳಿದ, ಆಚೆ ನಡೆದ, ರಕ್ತದ ಬಾಯಲ್ಲೇ ತೀರ್ಪುಗಾರನಿಗೆ ಎಲ್ಲ ಹೇಳಿದ. ಪಟ್ಟ ಎದುರು ತಂಡಕ್ಕೆ ಹೋಯಿತು.

ಸೊಟ್ಟ ಬೆರಳಿನ ಶ್ಟೆಫಾನ್ ಕುಲುಮೆ ಸೇರಿದ. ಅಪ್ಪ ಮಗ ಒಂದೇ ಮೇಜಿನಲ್ಲಿ ಎಲೆಕೋಸಿನ ಸಾರು ಉಂಡರು, ಒಂದು ಮಾತೂ ಆಡದೆ. ವರ್ಷಗಳು ಹಾಗೇ ಉರುಳಿದವು. ಚಾಂಪಿಯನ್‌ಷಿಪ್ಪಿನಿಂದ ಹಗ್ಗವನ್ನೇ ತೆಗೆದುಹಾಕಿದರು. ಆದರೂ ಊರ ಬಾಯಿ ಮುಚ್ಚಲಿಲ್ಲ. ಮನೆಗೆ ಬಂದ ಲಕ್ಷ್ಮಿಯನ್ನು ಒದ್ದವನನ್ನು ಯಾರು ತಾನೇ ಕ್ಷಮಿಸುತ್ತಾರೆ?

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕ್ರೇನ್ ನಡೆಸುವ ದುಶಾನ್ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಕೆಣಕಿದ. "ಮಿಖಲ, ನಿನ್ನ ಮಗ ಮುಟ್ಟಿದ್ದ ಬಿಡೋ. ಆ ಕಡೆಯವರ ದುಡ್ಡು ತಿಂದು ಮುಟ್ಟಿಲ್ಲ ಅಂದ."

ಮಿಖಲ ತಗಡಿನ ಊಟದ ಡಬ್ಬಿ ಎತ್ತಿ ಅವನ ಮುಖಕ್ಕೆ ಬಡಿದ. ದುಶಾನ್ ಬಿದ್ದ ಮೇಲೂ ಬಡಿದ. ದವಡೆ ಮುರಿಯಿತು, ಹಲ್ಲು ಬೂದಿಯಲ್ಲಿ ಬಿದ್ದವು. ಬಿಡಿಸಲು ಬಂದವರೂ ಪೆಟ್ಟು ತಿಂದರು. ಮೇಸ್ತ್ರಿ ಮಿಖಲನನ್ನು ಕೆಲಸದಿಂದ ಕಿತ್ತು ಮನೆಗೆ ಕಳಿಸಿದ.

ಶ್ಟೆಫಾನ್ ಅಡುಗೆಮನೆಯಲ್ಲಿ ಅಪ್ಪನ ಒಡೆದ ಗೆಣ್ಣುಗಳನ್ನು ನೀರಿನಲ್ಲಿ ತೊಳೆದ.

"ಯಾಕಪ್ಪ ಹೊಡ್ದೆ ಅವನ್ನ?"

ಮಿಖಲ ನೀರಿನ ಬೋಗುಣಿಯನ್ನೇ ನೋಡುತ್ತಿದ್ದ.

"ನೀನು ಮುಟ್ಟಿದ್ದೆ ಅಂದ, ಆ ನನ್ಮಗ."