ಅರಿಸಿನದಡಿಯ ಗಾಯ

ಕಬ್ಬಿನ ಗದ್ದೆಯಿಂದ ಓಡಿಬಂದ ನಮ್ಮ ನಾಯಿ ಕರಿಯ ಜಗುಲಿಯ ಮುಂದೆ ಕುಸಿದುಬಿದ್ದ. ಪಕ್ಕೆಯಿಂದ ರಕ್ತ ಸುರಿಯುತ್ತಿತ್ತು. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅವ್ವ ಹಿಡಿ ಅರಿಸಿನ ತಂದು ಗಾಯಕ್ಕೆ ಮೆತ್ತಿಬಿಟ್ಟಿದ್ದಳು. ಸೀಳಿದ್ದೋ, ಕಚ್ಚಿದ್ದೋ, ಒಂದೂ ಕಾಣದು.

"ಹಲ್ಲಿನ ಗುರುತಿತ್ತೇನವ್ವಾ?" ಎಂದೆ.

"ಗಾಯ ಕಂಡ್ರೆ ಅರಿಸ್ನ ಆಕ್ತಾರೆ ಕಣ್ಲಾ, ನೋಡ್ಕಂಡು ಕೂತ್ಕತಾರಾ?" ಎಂದು ನನ್ನ ಮೇಲೇ ರೇಗಿದಳು. ತೊಳೆದು ನೋಡಲೂ ಬಿಡಲಿಲ್ಲ.

ಮಾರನೆಯ ದಿನವೇ ನಮ್ಮ ಗದ್ದೆಗೆ ನಾಲೆ ನೀರಿನ ಸರದಿ. ಕಬ್ಬಿನೊಳಗಿರುವುದು ಏನೆಂದು ತಿಳಿಯದೆ ಹೇಗೆ ಇಳಿಯಲಿ? ಪಕ್ಕದ ಮನೆಯ ದೊಡ್ಡಪ್ಪ ಬಂದು ನೋಡಿ, ಕಾಡುಹಂದಿ ಎಂದರು. ಮದ್ದೂರು ಸಂತೆಯಿಂದ ಬರುತ್ತಿದ್ದ ಸಾಬರು ಗಾಡಿ ನಿಲ್ಲಿಸಿ ನೋಡಿ, ಚಿರತೆ ಎಂದರು. ಇಬ್ಬರೂ ನೋಡಿದ್ದು ಅರಿಸಿನವನ್ನೇ. ಕೊನೆಗೆ ತಗಡಿನ ಡಬ್ಬ ಬಡಿಯುತ್ತಾ, ಜೀವ ಕೈಯಲ್ಲಿ ಹಿಡಿದು ನೀರು ಕಟ್ಟಿಬಂದೆ.

ಗಾಯ ಮಾಯ್ದು ಅದರ ಮೇಲೆ ಕೂದಲೂ ಬಂತು. ಬದುವಿನ ಮೇಲೆ ಹೋಗುವಾಗ ಹಂದಿಗೆಂದು ಕಬ್ಬಿನ ಬುಡ ನೋಡಲೋ, ಚಿರತೆಗೆಂದು ಮರದ ಕೊಂಬೆ ನೋಡಲೋ, ನನಗೆ ಇನ್ನೂ ತಿಳಿಯದು. ತಿಳಿದಿರುವುದು ಕರಿಯನೊಬ್ಬನಿಗೇ. ಮೊದಲೆಲ್ಲ ಮುಂದೆ ಓಡುತ್ತಿದ್ದವನು ಈಗ ನನ್ನ ಹಿಂದೆ ಬರುತ್ತಾನೆ.