ಮಗ್ಗಲ ಮನೆಯ ಬೆಳಕಿಂಡಿ

ಮೊನ್ನೆ ಸೊಸೆ ನನ್ನ ಮೊಣಕಾಲಿಗೆ ಹಚ್ಚಲು ಬೇವಿನ ಎಣ್ಣೆ ಬಿಸಿ ಮಾಡಿದಳು. ಅದರ ಕಹಿ ವಾಸನೆ ಪಡಸಾಲೆಯ ತನಕ ಬಂತು. ಆ ವಾಸನೆ ನನಗೆ ಎಂದೂ ಸೇರಿಲ್ಲ. ಮಗ್ಗಲ ಮನೆಯವಳ ಕೈಗೆ ಸದಾ ಅದೇ ವಾಸನೆ ಇರುತ್ತಿತ್ತು. ಕೂಸಿಗೆ ಹೊಟ್ಟೆ ಕಡಿದರೂ ಅವಳ ಕೈ, ಎಮ್ಮೆಗೆ ಹುಣ್ಣಾದರೂ ಅವಳ ಕೈ. ಓಣಿಯೆಲ್ಲ ಅವಳ ಬಾಗಿಲಿಗೇ ಹೋಗುತ್ತಿತ್ತು. ನನ್ನ ಬಾಗಿಲಿಗೆ ಸಾಣಿಗೆ ಕೇಳಲು ಬರುತ್ತಿದ್ದರು, ಅಷ್ಟೇ.

ನಾನು ಭಂಕೂರಿನಿಂದ ಶಹಾಬಾದಿಗೆ ಮದುವೆಯಾಗಿ ಬಂದಾಗಲೇ ಅವಳು ಅಲ್ಲಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅವಳ ಗಂಡ, ನನ್ನ ಗಂಡ ಇಬ್ಬರೂ ಒಂದೇ ಗಣಿಯಲ್ಲಿ ಫರಸಿ, ಅಂದರೆ ಹಾಸುಗಲ್ಲು, ಎಬ್ಬಿಸುತ್ತಿದ್ದರು. ನಮ್ಮ ಎರಡು ಮನೆಗೂ ಒಂದೇ ಗೋಡೆ, ಮೇಲೆ ಮಟ್ಟಸ ಛಾವಣಿ, ಮಾಳಿಗೆಗೆ ಮಾಳಿಗೆ ಹತ್ತಿಕೊಂಡೇ ಇತ್ತು. ಬಾಯಲ್ಲಿ ಅಕ್ಕಾ ಎನ್ನುತ್ತಿದ್ದೆ, ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡಿದ್ದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ನನ್ನದು ಎಂದು ಒಂದು ಬೆಕ್ಕು ಇತ್ತು. ಬಿಳಿಯ ಗಂಡು, ಬಿಳ್ಯಾ ಎಂದು ಕರೆಯುತ್ತಿದ್ದೆ. ಕಣ್ಣು ತೆರೆಯದ ಮರಿಯಿದ್ದಾಗ ತಂದು ಅರಳೆಯಿಂದ ಹಾಲು ಕುಡಿಸಿ ಬೆಳೆಸಿದ್ದೆ. ದೊಡ್ಡದಾದ ಮೇಲೆ ಓಣಿ ತಿರುಗಲು ಕಲಿಯಿತು. ದಿನಕ್ಕೊಂದು ಜಗಳ. ಮಾಂಸ ಮಾರುವ ಖಟಗರ ಅಂಗಡಿಯ ಕಡೆಯಿಂದ ಬರುವ ಒಂದು ಕರಿಯ ಬೆಕ್ಕು ಇದರ ಜೀವಕ್ಕೇ ಬಿದ್ದಿತ್ತು. ಒಮ್ಮೆ ಕಿವಿ ಹರಿಯಿತು, ಒಮ್ಮೆ ಕತ್ತಿನಲ್ಲಿ ಕೀವಾಯಿತು.

ನಾನು ಹಾಲು ರೊಟ್ಟಿ ಕಲಸಿ ಬೋಗಾಣಿಯನ್ನು ಹೊರಗೆ ಕಟ್ಟೆಯ ಮೇಲೆ ಇಡುತ್ತಿದ್ದೆ. ನಾಲ್ಕು ಮಂದಿ ನೋಡಲಿ ಎಂದೇ ಇಡುತ್ತಿದ್ದೆ. ಮಗ್ಗಲ ಮನೆಯವಳು ಅದನ್ನೂ ಬಿಡಲಿಲ್ಲ.

"ತಂಗೀ, ಬೋಗಾಣಿ ಹೊರಗ ಇಡಬ್ಯಾಡ. ಹಾಲಿನ ವಾಸನಿಗಿ ಓಣ್ಯಾಗಿನ ಬೆಕ್ಕೆಲ್ಲಾ ಬರ್ಲಿಕತ್ತಾವ. ಒಳಗ ತಿನ್ನಿಸಿ ಬಾಗಿಲಾ ಹಾಕು."

"ನಮ್ಮ ಹಾಲು, ನಮ್ಮ ಕಟ್ಟಿ. ನಿನಗೇನಾಗ್ಯಾದ?"

"ನನಗೇನಾಗ್ಯಾದ? ಕಿವಿ ಹರದದ್ದು ಅದರದು. ದನದ ದವಾಖಾನಿಗಿ ಒಯ್ದು ಬೀಜಾ ಒಡಸು. ಆಮ್ಯಾಲ ಜಗಳಕ್ಕ ಹೋಗಂಗಿಲ್ಲ, ಮನ್ಯಾಗ ಬಿದ್ದಿರ್ತದ."

"ಮೊದಲ ನಿನ್ನ ಗಂಡಗ ಒಡಸು!"

"ಅವರಿಗ್ಯಾಕ ಒಡಸಲಿ? ಒಡಸಲಾರದೇ ಮನ್ಯಾಗ ಬಿದ್ದಾರ" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಒಳಗೆ ಅವಳ ಗಂಡ ಕೆಮ್ಮಿದ್ದು ಕೇಳಿಸಿತು. ನನಗೆ ನಗು ಬರಲಿಲ್ಲ. ಬೈದರೂ ಸಿಟ್ಟಿಗೇಳದ ಹೆಂಗಸಿನ ಜೊತೆ ಜಗಳವಾಡುವುದು ಹೇಗೆ?

ಆ ವರ್ಷವೇ ನನ್ನ ಮಗ ನಮ್ಮ ಹಳೆಯ ಮಾಳಿಗೆ ತೆಗೆಸಿ ಸಿಮೆಂಟಿನ ಸ್ಲ್ಯಾಬು ಹಾಕಿಸಿದ್ದ. ಅದನ್ನು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವಳದು ಇನ್ನೂ ಮಣ್ಣಿನ ಮಾಳಿಗೆ. ಅಂಥ ಮಾಳಿಗೆಗೆ ಬೆಳಕು ಬರಲಿ ಎಂದು ನಡುವೆ ಚೌಕದ ತೂತು ಬಿಟ್ಟಿರುತ್ತಾರೆ, ಬೆಳಕಿಂಡಿ. ಮಳೆ ಬಂದರೆ ಒಂದು ಫರಸಿ ಎಳೆದು ಮುಚ್ಚುತ್ತಾರೆ. ಸ್ಲ್ಯಾಬಿನ ಮನೆಗೆ ಅದು ಇರುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ಹೋದರೆ ಬಿಳ್ಯಾನಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು.

ಒಂದು ಮಧ್ಯಾಹ್ನ ನಮ್ಮ ಸ್ಲ್ಯಾಬಿನ ಮೇಲೆ ಒಣಗಿಸಿದ್ದ ಮೆಣಸಿನಕಾಯಿ ತಿರುವಲು ಹೋಗಿದ್ದೆ. ಬಿಳ್ಯಾ ನನ್ನ ಕಾಲ ಹತ್ತಿರವೇ ಹಾದು ಅವಳ ಮಾಳಿಗೆಗೆ ಹೋಗಿ ಬೆಳಕಿಂಡಿಯಲ್ಲಿ ಇಳಿಯಿತು. ಕೆಳಗೆ ಅವಳು ಜೋಳದ ಚೀಲಗಳನ್ನು ಒಂದರ ಮೇಲೊಂದು ಇಟ್ಟಿದ್ದಳು, ಅದು ಹಾರಿ ಇಳಿಯಲಿ ಎಂದು. "ಬಂದೇನೋ ನನ್ನ ಮಗನ? ಇವತ್ತ ಯಾರ ಸಂಗಾಟ ಬಡದಾಡಿದಿ?" ಎಂದು ಅವಳು ಮಾತಾಡುವುದು ಕೇಳಿಸಿತು. ನನ್ನ ಮಗನ ಅಂತೆ. ಮೆಣಸಿನಕಾಯಿಯ ಘಾಟಿಗೋ ಏನೋ ನನ್ನ ಕಣ್ಣು ಉರಿದವು... ಘಾಟಿಗಲ್ಲ.

ಮರುದಿನ ನಾನು ತವರಿಗೆ ಹೋಗುವುದಿತ್ತು. ಬೆಳಿಗ್ಗೆ ಮಾಳಿಗೆ ಏರಿ ಅವಳ ಬೆಳಕಿಂಡಿಯ ಮೇಲೆ ಫರಸಿ ಎಳೆದೆ. ಎರಡೂ ಕೈ ಹಚ್ಚಬೇಕಾಯಿತು. ಆಮೇಲೆ ಹಾಲಿನ ಬೋಗಾಣಿ ತುಂಬಿ ಕಟ್ಟೆಯ ಮೇಲಿಟ್ಟು, ನಮ್ಮ ಬಾಗಿಲಿಗೆ ಬೀಗ ಹಾಕಿ ಹೋದೆ. ಬಿಳ್ಯಾ ಅವಳ ಮನೆಗೆ ಹೋಗಬಾರದು, ಅಷ್ಟೇ ನನ್ನ ಲೆಕ್ಕ. ಬೇರೆ ಏನನ್ನೂ ಯೋಚಿಸಿರಲಿಲ್ಲ.

ಸಂಜೆ ತಿರುಗಿ ಬಂದಾಗ ಅವಳು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಬಿಳ್ಯಾ. ಎಡಗಣ್ಣು ಇದ್ದ ಜಾಗದಲ್ಲಿ ಅರಿಷಿಣ, ಬೇವಿನೆಣ್ಣೆ, ರಕ್ತ. ಅವಳ ಮುಂಗೈಯ ಮೇಲೂ ಉದ್ದಕ್ಕೆ ಉಗುರಿನ ಗೀರು.

"ಕಣ್ಣ ಹೋಯ್ತು ತಂಗಿ. ಜೀವಕ್ಕ ಏನಾಗಂಗಿಲ್ಲ" ಎಂದಳು. ಹಾಲಿಗೆ ಬಂದ ಕರಿಯ ಬೆಕ್ಕು ಇದನ್ನು ಮಾಳಿಗೆಗೆ ಅಟ್ಟಿಸಿಕೊಂಡು ಹೋಗಿತ್ತಂತೆ. "ಬೆಳಕಿಂಡಿ ತನಕ ಓಡಿ ಬಂದಾದ ನೋಡು. ಕಲ್ಲು ಕೆರೀತು... ನಾ ಕೆಳಗ ನಿಂತು ಕೇಳ್ಲಿಕತ್ತಿದ್ದೆ. ಕೋಲಿಲೆ ನೂಕಿದೆ, ಕಲ್ಲು ಅಳ್ಳಾಡಲಿಲ್ಲ. ನಿಚ್ಚಣಕಿ ಹಚ್ಚಿ ಮ್ಯಾಲ ಏರೂತನಕ ಆಗಿಹೋಗಿತ್ತು."

ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. "ಆ ಕಲ್ಲು ಯಾರು ಮುಚ್ಚಿದ್ರು? ಮಳಿ ಇಲ್ಲ ಏನಿಲ್ಲ" ಎಂದ.

"ಗಾಳಿಗಿ ಸರದಿರಬೇಕು, ಬಿಡ್ರಿ" ಎಂದಳು ಅವಳು.

ಆ ಮನುಷ್ಯ ಮೂವತ್ತು ವರ್ಷ ಕಲ್ಲು ಎಬ್ಬಿಸಿದವನು. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಒಳಗೆ ಹೋದ.

ಮರುದಿನ ಇಬ್ಬರೂ ಬಿಳ್ಯಾನನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಸೀರೆ ಕಟ್ಟಿ, ದನದ ದವಾಖಾನೆಗೆ ಒಯ್ದೆವು. ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕಿದರು. ಗಾಯ ಮಾದ ಮೇಲೆ ಮತ್ತೆ ಒಯ್ದು ಬೀಜವನ್ನೂ ಒಡೆಸಿದೆ. ಬೋಗಾಣಿ ಒಳಗೆ ಬಂತು. ಹೊತ್ತು ಮುಳುಗುವ ಮೊದಲೇ ಉಣ್ಣಿಸಿ ಬಾಗಿಲು ಹಾಕತೊಡಗಿದೆ. ಎಲ್ಲ ಅವಳು ಹೇಳಿದ ಹಾಗೆಯೇ. ಜಗಳ ನಿಂತವು.

ಅವಳು ಮಾತ್ರ ಬಿಳ್ಯಾನನ್ನು ಕರೆಯುವುದನ್ನು ಬಿಟ್ಟಳು. ಅದು ತಾನಾಗಿ ಹೋದರೆ ಎತ್ತಿ ತಂದು ನಮ್ಮ ಹೊಸ್ತಿಲಲ್ಲಿ ಇಳಿಸಿ, "ನಿಮ್ಮವ್ವನ ಮನಿ ಇದು, ಇಲ್ಲೇ ಇರು" ಎನ್ನುತ್ತಿದ್ದಳು. ಬೆಕ್ಕು ಪೂರಾ ನನ್ನದಾಯಿತು. ನಾನು ಬೇಡಿದ್ದೂ ಅದನ್ನೇ. ಆದರೂ ಅದು ಅವಳ ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತಿತ್ತು, ಒಂದೇ ಕಣ್ಣು ತೆರೆದುಕೊಂಡು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವಳು ಜೋಳ ಹಸನು ಮಾಡುತ್ತಿದ್ದಾಗ ಹೋಗಿ ನಿಂತೆ. "ಅಕ್ಕಾ, ಕಲ್ಲು ಮುಚ್ಚಿದಾಕಿ ನಾನೇ" ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಗೊತ್ತದ ತಗೋ. ಗಾಳಿಗೇನು ಕೈ ಇರ್ತಾವೇನು?" ಎಂದಳು. "ಕುಂದ್ರು, ಚಾ ಮಾಡ್ತೀನಿ."

ಕೂತೆ, ಚಾ ಕುಡಿದೆ. ಮನಸ್ಸು ಹಗುರಾಯಿತು ಎಂದರೆ ಸುಳ್ಳು. ಇನ್ನೂ ಹೆಚ್ಚು ಉರಿಯಿತು. ಗೊತ್ತಿದ್ದೂ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳಲ್ಲ, ಅದು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಓಣಿಗೆಲ್ಲ ಸಾರಿ ಬರುತ್ತಿದ್ದೆ.

ಬಿಳ್ಯಾ ಆಮೇಲೆ ಐದು ವರ್ಷ ಬದುಕಿ ನನ್ನ ಹಾಸಿಗೆಯ ಮೇಲೆಯೇ ಸತ್ತಿತು. ಅದರ ಮರುವರ್ಷ ಅವಳೂ ಹೋದಳು. ಅವಳ ಮಣ್ಣಿಗೆ ಸೇಡಂ, ಚಿತ್ತಾಪುರದಿಂದೆಲ್ಲ ಮಂದಿ ಬಂದರು. ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳಿಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ನಾನು ಅವಳ ಮುಖ ನೋಡುವುದು ಬಿಟ್ಟು ಮಂದಿಯನ್ನು ನೋಡುತ್ತಿದ್ದೆ. ನನ್ನ ಮಣ್ಣಿಗೆ ಇದರಲ್ಲಿ ಅರ್ಧ ಮಂದಿಯೂ ಬರಲಿಕ್ಕಿಲ್ಲ ಎಂದುಕೊಂಡೆ. ಅವತ್ತೂ ನನ್ನ ಬುದ್ಧಿ ಅಲ್ಲೇ ಇತ್ತು.

ಈಗ ಆ ಮನೆಯಲ್ಲಿ ವಾಡಿಯಿಂದ ಬಂದ ಬಾಡಿಗೆಯವರಿದ್ದಾರೆ. ಹೆಣ್ಣುಮಗಳು ಚಲೋ ಇದ್ದಾಳೆ. ನಮ್ಮಲ್ಲಿ ಈಗ ಒಂದು ಬೂದು ಬೆಕ್ಕು ಇದೆ. ಸಂಜೆಯಾದರೆ ಹೋಗಿ ಆ ಹೆಣ್ಣುಮಗಳ ತೊಡೆ ಏರಿ ಕೂಡುತ್ತದೆ. ನನ್ನ ಸೊಸೆಗೆ ಮೈಯೆಲ್ಲ ಉರಿಯುತ್ತದೆ, ಕಿಟಕಿಯಲ್ಲಿ ನಿಂತು ಬೈಯುತ್ತಾಳೆ. ನನಗೆ ಏನೂ ಅನಿಸುವುದಿಲ್ಲ. ಅನಿಸುತ್ತದೇನೋ ಎಂದು ಸುಮ್ಮನೆ ಕೂತು ನೋಡಿದೆ... ಇಲ್ಲ. ಹೊಟ್ಟೆ ಉರಿಯಬೇಕಾದರೆ ಎದುರಿಗೆ ಅಂಥ ಒಬ್ಬಳು ಇರಬೇಕು. ನನ್ನವಳು ಮಣ್ಣಿಗೆ ಹೋದಳು.