ನಿಂತ್ರೆ ಆಲು ಒಡೀತೈತೆ

ಮುನಿಶಾಮಣ್ಣ ಕಾಫಿ ಕುಡಿಯುವುದನ್ನು ನೋಡುತ್ತಿದ್ದರೆ ನನಗೇ ನೆತ್ತಿಗೆ ಹತ್ತಿದ ಹಾಗಾಗುತ್ತಿತ್ತು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಸೈಕಲ್ಲಿನ ಪೆಡಲಿನ ಮೇಲೆ, ಎಡಗೈ ಹ್ಯಾಂಡಲ್ಲಿನ ಮೇಲೆ, ಬಲಗೈಯಲ್ಲಿ ಲೋಟ. ಬಿಸಿಯೋ ತಣ್ಣಗೋ ನೋಡದೆ ಗಟಗಟ ಕುಡಿದು, ಲೋಟವನ್ನು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟು, "ಬತ್ತೀನಿ ಟೀಚರಮ್ಮ, ನಿಂತ್ರೆ ಆಲು ಒಡೀತೈತೆ" ಎಂದು ಹೊರಟೇಬಿಡುತ್ತಿದ್ದರು. ಬೆಳಿಗ್ಗೆ ಕ್ಯಾನುಗಳ ತುಂಬ ಹಾಲಿದ್ದಾಗ ಈ ಮಾತು ಸರಿಯೇ. ಸಂಜೆ ಖಾಲಿ ಕ್ಯಾನುಗಳನ್ನು ಲೊಟಲೊಟ ಅನ್ನಿಸಿಕೊಂಡು ವಾಪಸು ಬಂದಾಗಲೂ ಅದೇ ಮಾತು! "ಯಾವ ಹಾಲು ಮುನಿಶಾಮಣ್ಣ?" ಎಂದು ನಾನು ರೇಗಿಸಿದರೆ ನಗುತ್ತಿದ್ದರು. ಆದರೆ ನಿಲ್ಲುತ್ತಿರಲಿಲ್ಲ.

ಕ್ಯಾಸಂಬಳ್ಳಿ ಪಕ್ಕದ ಆ ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ನನ್ನ ಊರು ಬಂಗಾರಪೇಟೆ. ಶನಿವಾರ ಶಾಲೆ ಬಿಟ್ಟ ಮೇಲೆ ಮಾರಿಕುಪ್ಪಂವರೆಗೆ ಸೈಕಲ್ಲಿನಲ್ಲಿ ಹೋಗಿ ರೈಲು ಹಿಡಿಯುತ್ತಿದ್ದೆ. ಉಳಿದ ದಿನ ಹಳ್ಳಿಯಲ್ಲೇ, ಒಂದು ಬಾಡಿಗೆ ಕೋಣೆಯಲ್ಲಿ. ಅದರ ಎದುರು ಮನೆಯೇ ಮುನಿಶಾಮಣ್ಣನವರದು. ಸುತ್ತಲಿನ ಹಳ್ಳಿಗಳ ಹಾಲು ಕೂಡಿಸಿಕೊಂಡು ಕೆ.ಜಿ.ಎಫ್‌ನ ನಂದಿದುರ್ಗ ಎಂಬ ಚಿನ್ನದ ಗಣಿಯ ಕಾರ್ಮಿಕರ ಸಾಲು ಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಹಾಕಿ ಬರುವುದು ಅವರ ಕಸುಬು. ಲೈನಿನ ತುದಿಯಲ್ಲಿ ರಬ್ಬರ್ ಹಾರ್ನನ್ನು ಎರಡು ಸಲ ಅದುಮಿದರೆ, ಪಾಂ ಪಾಂ, ಬಂದೆ ಎಂದು ಅರ್ಥ. ಬಾಯಿ ಬಿಟ್ಟು ಕೂಗುವವರಲ್ಲ. ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬರಬೇಕು, ಇವರು ಸೈಕಲ್ಲಿನಿಂದ ಇಳಿಯದೆಯೇ ಅಳೆದು ಹಾಕಬೇಕು. ಹಾಗೆ ಪದ್ಧತಿ ಮಾಡಿಟ್ಟಿದ್ದರು.

ಅವರ ಮನೆಯ ಬಾಗಿಲು ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ಮುಚ್ಚಿಕೊಳ್ಳದಂತೆ ಒಂದು ಹಳೆಯ ರುಬ್ಬುವ ಗುಂಡುಕಲ್ಲನ್ನು ಅಡ್ಡ ಇಟ್ಟಿದ್ದರು. ಅಷ್ಟಾದರೂ ಮುನಿಶಾಮಣ್ಣ ಒಳಗೆ ಮಲಗುತ್ತಿರಲಿಲ್ಲ. ಅಂಗಳದಲ್ಲಿ ಮಂಚ, ಮಳೆ ಬಂದರೆ ಜಗಲಿ. ಊಟ ಹೊಸ್ತಿಲ ಮೇಲೆ ನಿಂತುಕೊಂಡೇ. ಅವರ ಹೆಂಡತಿ ರಾಮಕ್ಕ ನನ್ನ ಹತ್ತಿರ ದೂರು ಹೇಳುತ್ತಿದ್ದಳು: "ನಾಯಿ ನುಗ್ಗಿ ಮುದ್ದೆ ಕಚ್ಕಂಡ್ ಓಯ್ತು ಟೀಚರಮ್ಮ. ಬಾಗ್ಲು ಆಕನಾ ಅಂದ್ರೆ ನನ್ನೇ ತಿನ್ನಂಗ್ ನೋಡ್ತಾರೆ. ನಾಯಿ, ಬೆಕ್ಕು, ಕೋಳಿ ಎಲ್ಲಾ ಒಳಕ್ ಬತ್ತವೆ, ಈ ಮನ್ಸ ಒಬ್ರು ಬರಾಕಿಲ್ಲ."

ನಾನು ಟೀಚರು. ಕೂರಿಸುವುದೇ ನನ್ನ ಕೆಲಸ. ಕೂರದ ಮನುಷ್ಯನನ್ನು ಕಂಡರೆ ನನ್ನ ಕೈ ಬೆತ್ತ ಹುಡುಕುತ್ತದೆ. ಒಂದು ಸ್ವಾತಂತ್ರ್ಯ ದಿನಕ್ಕೆ ಮಕ್ಕಳಿಗೆ ಸಿಹಿ ಹಂಚಲು ಇವರನ್ನೇ ಕರೆದೆ. ಹೊರಗೆ ಜಡಿಮಳೆ, ಕಾರ್ಯಕ್ರಮ ತರಗತಿಯೊಳಗೆ. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಂತರು. ನಾನು ಭಾಷಣ ಶುರು ಮಾಡಿದ್ದೆನಷ್ಟೆ, ಗಾಳಿಗೆ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಮುನಿಶಾಮಣ್ಣ ಸಿಹಿಯ ತಟ್ಟೆ ಬಿಸಾಡಿ, ಕೂತ ಮಕ್ಕಳ ಮೇಲೆಯೇ ದಾಟಿಕೊಂಡು, ಬಾಗಿಲು ಎಳೆದು ಮಳೆಯೊಳಗೆ ಹೋಗಿಬಿಟ್ಟರು. ಮಕ್ಕಳು ಲಾಡು ಆರಿಸಲು ಬಿದ್ದರು. ನನಗೆ ಮೈಯೆಲ್ಲ ಉರಿಯಿತು. ಆ ವಾರವೆಲ್ಲ ಕಿಟಕಿಯಲ್ಲಿ ಕಾಫಿ ಲೋಟ ಇಡಲಿಲ್ಲ. ಅವರೂ ಕೇಳಲಿಲ್ಲ. ಮುಂದಿನ ವಾರ ಒಂದು ಸೋರೆಕಾಯಿ ತಂದು ಕಿಟಕಿಯಲ್ಲಿಟ್ಟು ಹೋದರು. ಅಲ್ಲಿಗೆ ರಾಜಿಯಾಯಿತು.

ಸೈಕಲ್ ಸಂಘ ಕಟ್ಟಿದ್ದೂ ಅವರೇ. ಹಾಲಿನವರು, ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ಸೈಕಲ್ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ಲೈನಿನ ಕೆಲವರು, ಜೊತೆಗೆ ನಾನು. ತಿಂಗಳಿಗೊಂದು ಭಾನುವಾರ ಎಲ್ಲಿಗಾದರೂ ಸವಾರಿ, ಆ ವಾರ ನಾನು ಊರಿಗೆ ಹೋಗುತ್ತಿರಲಿಲ್ಲ. ಸಂಘಕ್ಕೆ ಕೋಣೆಯಿಲ್ಲ, ಬೆಂಚಿಲ್ಲ. ಸಭೆಯೂ ಸೈಕಲ್ ತುಳಿಯುತ್ತಲೇ. ಹಿಂದೆ ಬಿದ್ದವರಿಗೆ ಯಾವ ತೀರ್ಮಾನವೂ ಗೊತ್ತಾಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಚಳಿಗಾಲ. ಬಗ್ಗಿದ ಹ್ಯಾಂಡಲ್ಲಿನ ಸೈಕಲ್ಲುಗಳಿದ್ದ ಬಂಗಾರಪೇಟೆಯ ಹುಡುಗರ ಸಂಘವೊಂದು ನಮ್ಮನ್ನು ಪಂದ್ಯಕ್ಕೆ ಕರೆಯಿತು. ಡಾಂಬರು ರಸ್ತೆಯಲ್ಲಿ ಅವರನ್ನು ಮೀರಿಸಲಾಗದು ಎಂದು ನಮಗೆ ಗೊತ್ತಿತ್ತು. ಮುನಿಶಾಮಣ್ಣ, "ರಸ್ತೆ ಬ್ಯಾಡ, ಕಾಡು ದಾರೀಲಿ ಬರ್ಲಿ" ಎಂದು ಹೇಳಿ ಕಳಿಸಿದರು. ನಂದಿದುರ್ಗದ ಮೈದಾನದಿಂದ ಹೊರಟು ಲೈನ್ ಮನೆಗಳ ಓಣಿ, ಆಮೇಲೆ ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಬೂದು ಮಣ್ಣಿನ ಆ ಗುಡ್ಡದಲ್ಲಿ ಚಕ್ರ ಹೂತುಹೋಗುತ್ತದೆ, ಸೈಕಲ್ ಹೆಗಲಿಗೇರಿಸಿಯೇ ಹತ್ತಬೇಕು. ಇಳಿದರೆ ಒಣ ಹಳ್ಳ, ಹಳ್ಳದ ಕೊನೆಗೆ ರೈಲು ದಾರಿ. ಅದನ್ನು ದಾಟಿ ಸುತ್ತು ಹಾಕಿ ಮೈದಾನಕ್ಕೆ ವಾಪಸು.

ದಾರಿ ಗುರುತಿಸಲು ಹೋದಾಗ ನಾನೂ ಇದ್ದೆ, ಸೆಲ್ವರಾಜೂ ಇದ್ದ. ಅವನು ಲೈನಿನವನು, ನಮ್ಮ ಸಂಘದ ಅತ್ಯಂತ ನಿಧಾನದ ಸವಾರ. ರೈಲು ದಾರಿಯ ಏರಿಯನ್ನು ಹತ್ತಿ ಆಚೆ ಇಳಿಯೋಣ ಎಂದ. ಮುನಿಶಾಮಣ್ಣ ಏರಿಯ ಕೆಳಗಿದ್ದ ಮೋರಿ ತೋರಿಸಿದರು. ಹಳೆಯ ಕಲ್ಲುಮೋರಿಗೆ ಯಾವಾಗಲೋ ಸಿಮೆಂಟಿನ ತುಂಡೊಂದನ್ನು ಸೊಟ್ಟಗೆ ಸೇರಿಸಿದ್ದರು. ಈ ಬಾಯಿಂದ ಆ ಬಾಯಿ ಕಾಣುತ್ತಿರಲಿಲ್ಲ. ಬಗ್ಗಿಕೊಂಡು ಸೈಕಲ್ ತಳ್ಳುತ್ತಾ ಹೋಗಬೇಕು.

"ಇದ್ರೊಳಗೇ ಓಗ್ಬೇಕು" ಎಂದರು.

"ವೇಣಾಂಪಾ ಮುನಿ, ಬೇಡ" ಎಂದ ಸೆಲ್ವರಾಜ. ಅವನ ಮುಖ ಇಳಿದುಹೋಗಿತ್ತು. "ಮೇಲ್ ಓಗೋಣ. ನಿನಗೆ ಯಾಕಪ್ಪಾ ಇದು?"

"ನನಗೇ ಬೇಕು ಕಣ್ಲಾ. ಡೈಲಿ ಇಲ್ಲಿ ಬಂದು ನಿಂತ್ಕಂತೀನಿ, ಒಳಕ್ ಓಗಾಕಾಗದೆ ಸುತ್ತಾಕ್ಕಂಡು ಓಯ್ತೀನಿ. ಜನ ನೋಡ್ತಿದ್ರೆ ಓಯ್ತೀನೇನೋ" ಎಂದು ಹೇಳಿ ಮುನಿಶಾಮಣ್ಣ ಸೈಕಲ್ ಹತ್ತಿ ಹೋಗಿಯೇಬಿಟ್ಟರು.

ಅವತ್ತು ಸೆಲ್ವರಾಜನಿಂದ ತಿಳಿಯಿತು. ಮುನಿಶಾಮಣ್ಣ ಹಾಲಿಗೆ ಇಳಿಯುವ ಮೊದಲು ಗಣಿಯಲ್ಲಿದ್ದರು, ಇಬ್ಬರದೂ ಒಂದೇ ಶಿಫ್ಟು. ಆಳದಲ್ಲಿ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುವುದಕ್ಕೆ ಅಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಹಾಗೆ ಸಿಡಿದು ಮುನಿಶಾಮಣ್ಣ ಒಂದು ಸಂದಿನಲ್ಲಿ ಸಿಕ್ಕಿಕೊಂಡರು. ಕಲ್ಲಿನ ಆಚೆ ಬದಿ ಇನ್ನೊಬ್ಬ ಗೆಳೆಯ. ಕತ್ತಲಲ್ಲಿ ಇಬ್ಬರೂ ಮಾತಾಡುತ್ತಲೇ ಇದ್ದರಂತೆ, ಹೆಂಡತಿ, ಮಕ್ಕಳು, ಹಬ್ಬದ ಅಡುಗೆ. ಮಾತಾಡುತ್ತಾ ಮಾತಾಡುತ್ತಾ ಆಚೆಯವನ ದನಿ ನಿಂತುಹೋಯಿತು. ಆಮೇಲೆ ಎಷ್ಟೋ ಹೊತ್ತಿಗೆ ಸೆಲ್ವರಾಜನ ಗುಂಪು ಕಲ್ಲು ಸರಿಸಿ ಇವರೊಬ್ಬರನ್ನು ಈಚೆ ತೆಗೆಯಿತು. "ಅವತ್ತಿಂದ ಕೂತಿಲ್ಲಮ್ಮಾ ಅವನು" ಎಂದ ಸೆಲ್ವರಾಜ. ಲಾಡು ಚೆಲ್ಲಾಡಿದ ಆ ತರಗತಿ ನೆನಪಾಗಿ ನನಗೆ ಸಂಕಟವಾಯಿತು.

ಪಂದ್ಯದ ದಿನ ಮುನಿಶಾಮಣ್ಣ ಬೆಳಗಿನ ಹಾಲು ಹಾಕಿ ಮುಗಿಸಿ, ಕ್ಯಾನು ಬಿಚ್ಚಿಟ್ಟು, ಅದೇ ಭಾರದ ಸೈಕಲ್ಲಿನಲ್ಲಿ ಬಂದು ನಿಂತರು. ನಿಂತರು ಎನ್ನುವುದು ಬರೀ ಮಾತಿಗೆ. ಗೆರೆಯ ಹಿಂದೆ ಸುತ್ತು ಹೊಡೆಯುತ್ತಲೇ ಇದ್ದರು. ನನ್ನ ಹತ್ತಿರ ಶಾಲೆಯ ಪೀಪಿಯೂ ದೊಡ್ಡ ಗಂಟಲೂ ಇದ್ದುದರಿಂದ ಮೋರಿ ಕಾಯುವ ಕೆಲಸ ನನಗೆ ಬಿತ್ತು. ಎಲ್ಲರೂ ಒಳಗಿಂದಲೇ ದಾಟುತ್ತಾರೆಯೇ ಎಂದು ನೋಡಬೇಕು. ಏರಿ ಹತ್ತಿದವನು ಪಂದ್ಯದಿಂದ ಹೊರಗೆ.

ಓಣಿಯಲ್ಲಿ ನಡೆದದ್ದನ್ನು ನನಗೆ ಆಮೇಲೆ ಸೆಲ್ವರಾಜ ಹೇಳಿದ. ಮುಂದೆ ಮುನಿಶಾಮಣ್ಣ, ಹಿಂದೆಯೇ ಬಂಗಾರಪೇಟೆಯ ಹುಡುಗರ ದಂಡು. ಲೈನಿನ ತುದಿ ಬರುತ್ತಲೇ ಇವರ ಕೈ ತಾನಾಗಿ ಹಾರ್ನ್ ಅದುಮಿತು. ಪಾಂ ಪಾಂ. ಇನ್ನೊಂದು ಸಲ ಹಾಲು ಬಂತೆಂದು ಹೆಂಗಸರೆಲ್ಲ ಪಾತ್ರೆ ಹಿಡಿದು ಓಣಿಗಿಳಿದರು! ಮುನಿಶಾಮಣ್ಣ ದಾಟಿಹೋಗಿದ್ದರು. ಹುಡುಗರು ಪಾತ್ರೆಗಳ ನಡುವೆ ಸಿಕ್ಕಿಕೊಂಡರು. ಒಬ್ಬನ ಮುಂಚಕ್ರ ಅಜ್ಜಿಯೊಬ್ಬಳ ಅಂಡೆಗೆ ಬಡಿದು, ಆಕೆ ಅವನ ಕಿವಿ ಹಿಂಡಿದಳಂತೆ. ಬೇಕೆಂದೇ ಮಾಡಿದರೆಂದು ಬಂಗಾರಪೇಟೆಯವರು ಬಹಳ ದಿನ ಆಡಿಕೊಂಡರು. ಬೇಕೆಂದು ಮಾಡುವಷ್ಟು ಯೋಚನೆ ಆ ಹೊತ್ತಿನಲ್ಲಿ ಮುನಿಶಾಮಣ್ಣನಿಗೆ ಎಲ್ಲಿಂದ ಬರಬೇಕು? ಅವರ ತಲೆಯಲ್ಲಿ ಮೋರಿಯೊಂದೇ ಇತ್ತು.

ದಿಬ್ಬದ ನೆತ್ತಿಯಲ್ಲಿ ಮೊದಲು ಕಂಡವರು ಅವರೇ, ಸೈಕಲ್ ಹೆಗಲ ಮೇಲೆ, ಮೊಣಕಾಲವರೆಗೂ ಬೂದಿ ಬಣ್ಣ. ಜಾರುತ್ತಾ ಇಳಿದು, ಹಳ್ಳದಲ್ಲಿ ತುಳಿದುಕೊಂಡು ಬಂದು ಮೋರಿಯ ಬಾಯಲ್ಲಿ ನಿಂತರು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಪೆಡಲಿನ ಮೇಲೆ. ಬಂಗಾರಪೇಟೆಯ ಮೊದಲ ಹುಡುಗ ಬಂದು ನುಗ್ಗಿ ಹೋದ. ಇನ್ನೊಬ್ಬ ಹೋದ. ನಮ್ಮವರೂ ಹೋದರು. "ಬನ್ನಿ ಅಣ್ಣ" ಎಂದು ಕರೆದವರಿಗೆ, "ನಡೀ ನಡೀ, ಬತ್ತೀನಿ" ಎಂದರು. ಕಡೆಗೆ ಏದುಸಿರು ಬಿಡುತ್ತಾ ಸೆಲ್ವರಾಜನೂ ಬಂದ. ಗೆಳೆಯನ ಬೆನ್ನ ಮೇಲೆ ಒಂದು ಗಳಿಗೆ ಕೈಯಿಟ್ಟು ಒಳಗೆ ಹೋದ.

ಹಳ್ಳದಲ್ಲಿ ನಾವಿಬ್ಬರೇ ಉಳಿದೆವು. ಅವರ ಕೆನ್ನೆಯ ಮೇಲಿನ ಬೂದಿಯಲ್ಲಿ ಬೆವರು ಗೆರೆ ಬಿಡುತ್ತಿತ್ತು.

"ಟೀಚರಮ್ಮ, ಆ ಕಡೀಕ್ ಓಗಿ ನಿಂತ್ಕಂಡು ಮಾತಾಡ್ತಾ ಇರ್ತೀರಾ?"

"ಏನು ಮಾತಾಡಲಿ?"

"ಏನಾರಾ ಆಗ್ಲಿ. ನಿಲ್ಲಿಸ್ಬ್ಯಾಡಿ ಅಷ್ಟೇ."

ಸೀರೆಯ ನೆರಿಗೆ ಎತ್ತಿಹಿಡಿದು ಏರಿ ಹತ್ತಿ ಆಚೆ ಇಳಿದೆ. ಮೋರಿಯೊಳಗೆ ತಲೆ ಬಗ್ಗಿಸಿದರೆ ಬರೀ ಕತ್ತಲು. ಏನು ಮಾತಾಡುವುದು? ದಿನವೂ ಬೆಳಿಗ್ಗೆ ನನ್ನ ಬಾಯಿಂದ ಬರುವುದು ಒಂದೇ. ಹಾಜರಿ ಕೂಗತೊಡಗಿದೆ.

"ಅಂಜಿನಪ್ಪ!"

ತಡವಾಗಿ ಒಳಗಿಂದ ದನಿ ಬಂತು. "ಅವ್ನಾ? ನೆನ್ನೆ ಬಾವೀಲಿ ಈಜ್ತಿದ್ದ. ನಿಮಗ್ ಜ್ವರ ಅಂತ ಏಳಿರ್ತಾನೆ."

"ಅಮರಾವತಿ!"

"ಒಳ್ಳೇ ಮಗು ಕಣಮ್ಮ. ಅವ್ರವ್ವನೇ ಆಲಿಗೆ ನೀರ್ ಬೆರಸ್ತಾಳೆ."

"ಕದಿರಪ್ಪ!"

ಚಕ್ರ ಕಲ್ಲಿಗೆ ತಾಗುವ ಸದ್ದು. ಉಸಿರಿನ ಸದ್ದು. "ಕೂಗಿ, ಕೂಗಿ, ಇನ್ನೊಂದು."

ಅಷ್ಟರಲ್ಲಿ ರೈಲು ಬಂತು. ಮೋರಿಯಲ್ಲಿರುವವರಿಗೆ ಮೇಲೆ ಹೋಗುವ ರೈಲಿನಿಂದ ಅಪಾಯವೇನು ಎಂದು ನಾವು ಯಾರೂ ವೇಳೆಯನ್ನೇ ನೋಡಿರಲಿಲ್ಲ. ಮಾರಿಕುಪ್ಪಂ ಕಡೆಯ ಗಾಡಿ ನನ್ನ ತಲೆಯ ಮೇಲೆಯೇ ಗಡಗಡ ಎನ್ನುತ್ತಾ ಬಂದಿತು. ಏರಿ ಅದುರಿತು. ಮೋರಿಯ ಬಾಯಿಂದ ಧೂಳು ಉದುರಿತು. ನಾನು ಗೌರಮ್ಮ, ನಾರಾಯಣಸ್ವಾಮಿ, ಪಾಪಣ್ಣ ಎಂದು ಕಿರುಚುತ್ತಿದ್ದೆ, ನನಗೇ ಕೇಳಿಸುತ್ತಿರಲಿಲ್ಲ. ಎಷ್ಟು ಡಬ್ಬಿಗಳಪ್ಪಾ ಆ ರೈಲಿಗೆ! ನನಗೆ ಅಳು ಬಂದುಬಿಟ್ಟಿತು. ನಾನೇ ಅವರನ್ನು ಇನ್ನೊಮ್ಮೆ ಹೂತುಹಾಕಿದೆ ಅನ್ನಿಸಿತು.

ಗಾಡಿ ಹೋಯಿತು. ಹಾಜರಿ ಎಲ್ಲಿಗೆ ನಿಂತಿತ್ತು ಎನ್ನುವುದು ಮರೆತುಹೋಗಿತ್ತು. ಬಾಯಿಗೆ ಬಂದದ್ದು ಅವರದೇ ಹೆಸರು, ಹಾಜರಿಯ ದನಿಯಲ್ಲೇ ಕೂಗಿದೆ.

"ಮುನಿಶಾಮಪ್ಪ!"

ಉತ್ತರವಿಲ್ಲ. ಮತ್ತೆ ಕೂಗಿದೆ. ನಾನು ಸೆರಗು ಸಿಕ್ಕಿಸಿ ಒಳಗೆ ನುಗ್ಗುವುದರಲ್ಲಿದ್ದೆ.

ಪಾಂ ಪಾಂ.

ಮೊದಲು ಮುಂಚಕ್ರ ಬಂತು, ಆಮೇಲೆ ಅವರು. ಬೆಳಕಿಗೆ ಬಂದವರೇ ಸೈಕಲ್ಲನ್ನು ಕೈಬಿಟ್ಟರು. ಅದು ಮಗ್ಗುಲಿಗೆ ಬಿತ್ತು, ನೋಡಲಿಲ್ಲ. ಹಳ್ಳದ ಮರಳಿನಲ್ಲಿ ಎರಡು ಕಾಲೂ ನೀಳವಾಗಿ ಚಾಚಿ ಕೂತುಬಿಟ್ಟರು. ಅಷ್ಟು ವರ್ಷಗಳಲ್ಲಿ ಮುನಿಶಾಮಣ್ಣ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತಾಗ ಬಹಳ ಕುಳ್ಳ ಮನುಷ್ಯ ಅನ್ನಿಸಿತು. ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೇರೆ ಯಾರದೋ ಕೈ ಎನ್ನುವಂತೆ ನೋಡುತ್ತಿದ್ದರು.

"ರೈಲು ಬಂದಾಗ ನಿಮ್ ದನಿ ನಿಂತೋಯ್ತು" ಎಂದರು.

"ನಿಲ್ಲಿಸಲಿಲ್ಲ ಮುನಿಶಾಮಣ್ಣ. ಕೂಗುತ್ತಲೇ ಇದ್ದೆ. ದೇವರಾಣೆ."

"ಅಂಗೇ ಅನ್ಕಂಡೆ. ಕೇಳಿಸ್ದೇ ಇದ್ರೂ ಕೂಗ್ತಾ ಇರ್ತಾರೆ ಅನ್ಕಂಡು ಬಂದೆ." ಮೋರಿಯ ಕಡೆ ತಿರುಗಿ, "ಕಲ್ಲಿನ ಆಚೆ ಅವ್ನೂ ಕೂಗ್ತಾ ಇದ್ನೇನೋ" ಎಂದರು.

ದೂರದ ಮೈದಾನದಿಂದ ಕೇಕೆ ಕೇಳಿಸಿತು. ಬಂಗಾರಪೇಟೆಯವರು ಗೆದ್ದಿದ್ದರು. "ಏಳಿ, ಕೊನೆಯವರಾಗಿಯಾದರೂ ಮುಟ್ಟೋಣ. ನಿಂತರೆ ಹಾಲು ಒಡೆಯುತ್ತದೆ" ಎಂದೆ.

"ಒಡೀಲಿ ಬುಡಿ" ಎಂದರು ಮುನಿಶಾಮಣ್ಣ.

ಆಮೇಲೆ ಅವರು ಮೆತ್ತಗಾದರು, ಸದಾ ಕೂತೇ ಇರುತ್ತಿದ್ದರು ಎಂದರೆ ಸುಳ್ಳಾಗುತ್ತದೆ. ಕಾಫಿ ಪೆಡಲಿನ ಮೇಲೆಯೇ. ಆದರೆ ಮಂಚ ಅಂಗಳದಿಂದ ಜಗಲಿಗೆ ಬಂತು, ಒಂದೆರಡು ಮಳೆಗಾಲ ಕಳೆದ ಮೇಲೆ ಜಗಲಿಯಿಂದ ನಡುಮನೆಗೆ. ಗುಂಡುಕಲ್ಲು ಮಾತ್ರ ಬಾಗಿಲಿನಿಂದ ಕದಲಲಿಲ್ಲ. ರಾಮಕ್ಕ ನಾಯಿಗೆಂದು ಒಂದು ಕೋಲು ಇಟ್ಟುಕೊಂಡು ಸುಮ್ಮನಾದಳು.

ನನಗೆ ಬಂಗಾರಪೇಟೆಗೆ ವರ್ಗವಾಯಿತು. ತೊಂಬತ್ತರ ದಶಕದಲ್ಲಿ ಒಂದು ದಿನ ಸೆಲ್ವರಾಜ ಸ್ಟೇಷನ್ನಿನಲ್ಲಿ ಸಿಕ್ಕಿ, ಮುನಿಗೆ ಎದೆ ಸರಿಯಿಲ್ಲ, ಮೇಲೇಳುತ್ತಿಲ್ಲ ಎಂದ. ಆ ಭಾನುವಾರವೇ ಮಾರಿಕುಪ್ಪಂವರೆಗೆ ರೈಲಿನಲ್ಲಿ, ಅಲ್ಲಿಂದ ಬಾಡಿಗೆ ಸೈಕಲ್ಲಿನಲ್ಲಿ ಹೋದೆ. ಸೈಕಲ್ಲು ಜಗಲಿಯ ಗೋಡೆಗೆ ಒರಗಿತ್ತು, ಹಾರ್ನಿನ ರಬ್ಬರು ಬಿರಿದಿತ್ತು. ಮುನಿಶಾಮಣ್ಣ ನಡುಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ತಿರುಗಿದರು. ಅಂಜಿನಪ್ಪ ಈಗ ಬಸ್ಸಿನ ಡ್ರೈವರಂತೆ, ಅಮರಾವತಿಗೆ ಅವಳಿ ಮಕ್ಕಳಂತೆ. ಉಸಿರು ಕಟ್ಟಿದರೂ ಬಿಡದೆ ಎಲ್ಲ ಮಕ್ಕಳ ಸಮಾಚಾರ ಒಪ್ಪಿಸಿದರು. ಹೊರಗೆ ಚಳಿಗಾಳಿ ಬೀಸುತ್ತಿತ್ತು, ಕಂಬಳಿಯ ಅಂಚು ಹಾರುತ್ತಿತ್ತು. ರಾಮಕ್ಕ ಮತ್ತೆ ಮತ್ತೆ ಹೊದಿಸುತ್ತಿದ್ದಳು.

ನಾನು ಹೊರಡಲು ಎದ್ದೆ. ಹೊಸ್ತಿಲು ದಾಟುವಾಗ ಅವರು ಕರೆದರು.

"ಟೀಚರಮ್ಮ, ಗಾಳಿ ಬತ್ತೈತೆ. ಆ ಕಲ್ ಸರಿಸಿ ಬಾಗ್ಲು ಎಳ್ಕಂಡ್ ಓಗಿ."

ರಾಮಕ್ಕ ನನ್ನ ಮುಖ ನೋಡಿದಳು. ಗುಂಡುಕಲ್ಲು ನೆಲಕ್ಕೆ ಅಂಟಿಕೊಂಡಿತ್ತು. ನಾವಿಬ್ಬರೂ ಸೇರಿ ಅದನ್ನು ಉರುಳಿಸಿ ಹೊರಗಿಟ್ಟೆವು. ಬಾಗಿಲು ಎಳೆದೆ. ಎಷ್ಟೋ ವರ್ಷ ಮುಚ್ಚದ ಬಾಗಿಲು, ಕರ್ರೋ ಎಂದು ಕೂಗಿಕೊಂಡೇ ಬಂದು ಕೂತಿತು.

ಜಗಲಿಯಲ್ಲಿ ನಿಂತೆವು. ಒಳಗೆ ಸದ್ದಿಲ್ಲ. ನನ್ನಿಂದ ತಡೆಯಲಾಗಲಿಲ್ಲ.

"ಮುನಿಶಾಮಣ್ಣಾ!"

"ಇದೀನಿ. ಓಗಿ ಟೀಚರಮ್ಮ, ರೈಲು ತಪ್ಪೋಯ್ತೈತೆ."

ಅದು ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು. ನಾನು ಸೈಕಲ್ ಹತ್ತಿ ಹೊರಟೆ. ಊರಾಚೆ ಬಂದ ಮೇಲೂ ಯಾರಿಗೂ ಕೇಳಿಸದ ಹಾಗೆ ಹಾಜರಿ ಕೂಗಿಕೊಳ್ಳುತ್ತಲೇ ಇದ್ದೆ.